ಏರಿ ಇಳಿಯುವ ಮಹಾಸಂಖ್ಯೆ: ಕನ್ನಡ ನಾಡಿನ ಒಂದು ಗಣಿತಪರಂಪರೆ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಕ್ರಿ.ಶ. 850ರ ಸುಮಾರಿಗೆ, ಜೈನಪಂಡಿತನಾದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳನ್ನು ಹೆಸರಿಸಿದುದರಿಂದಲೇ ತೃಪ್ತನಾಗದೆ, ಮಹಾಸಂಖ್ಯೆಗಳ ಆಕಾರದಲ್ಲಿ ಅಡಗಿರುವ ಸೌಂದರ್ಯವನ್ನೂ ಆತನು ಕಂಡನು. ಗುಣಾಕಾರಕ್ಕೆ ಆತನು ಕೊಟ್ಟ ಉದಾಹರಣೆಗಳಲ್ಲಿ 142857143ನ್ನು 7ರಿಂದ ಗುಣಿಸಿದರೆ 1000000001 ಬರುವುದು. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು ಸಾಲುಗಟ್ಟುವುವು. ಎರಡು ತುದಿಗಳಿಂದಲೂ ಒಂದೇ ತೆರನಾಗಿ ಕಾಣುವ ಇಂತಹ ಕೆಲವು ಫಲಗಳನ್ನು ಆತನು ಅರಸರ ಕಂಠಾಭರಣವೆಂದು ಕರೆದಿರುವನು.

ಅವುಗಳಲ್ಲೆಲ್ಲ ನನಗೆ ಅತಿಶಯವಾಗಿ ತೋರುವುದು, ಒಂದರಿಂದ ಆರರವರೆಗೆ ಏರಿ ಮರಳಿ ಒಂದಕ್ಕೆ ಇಳಿಯುವ 12345654321. ಇದನ್ನು 27994681 ಮತ್ತು 441ರ ಗುಣಲಬ್ಧವೆಂದು ಆಚಾರ್ಯನು ಕಾಣಿಸಿದನು. ಇವುಗಳಲ್ಲಿ ಮೊದಲನೆಯದು 5291ರ ವರ್ಗ, ಎರಡನೆಯದು 21ರ ವರ್ಗ. ಆ ಮೂಲಗಳೆರಡನ್ನೂ ಗುಣಿಸಿದರೆ 111111 ಬರುವುದರಿಂದ, ಇಡೀ ಸಂಖ್ಯೆಯು ಆರು ಒಂದುಗಳ ವರ್ಗವೇ ಆಗಿರುವುದು. ವರ್ಗಿಸುವಾಗ ಒಂದೊಂದು ಸಾಲನ್ನು ಒಂದೊಂದು ಸ್ಥಾನ ಸರಿಸಿ ಬರೆದು ಕೂಡಿದರೆ, ನಡುವಣ ಸ್ಥಾನದಲ್ಲಿ ಸೇರುವ ಮೊತ್ತ ಆರನ್ನು ಮೀರದು. ದಶಕ ಒಯ್ಯುವ ಪ್ರಸಂಗವೇ ಇಲ್ಲದುದರಿಂದ ಈ ಏರಿಳಿತ ಕೆಡದೆ ಉಳಿಯುವುದು. ಒಂಬತ್ತು ಒಂದುಗಳವರೆಗೂ ಇದೇ ನಿಯಮ. ಹತ್ತನೆಯದು ಸೇರಿದೊಡನೆ ಕ್ರಮ ಮುರಿಯುವುದು.

ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಬರೆದು ಈ ಶಾಸ್ತ್ರವನ್ನು ಕನ್ನಡಕ್ಕೆ ತಂದನು. ಮಹಾವೀರನ ಗ್ರಂಥವನ್ನು 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು.

1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ಬೆಂಗಳೂರಿನಲ್ಲಿ ಜನಿಸಿದ ಶಕುಂತಲಾ ದೇವಿಯವರು ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿ ಹೇಳಿದ ಉತ್ತರ 18947668177995426462773730. ಇಪ್ಪತ್ತಾರು ಅಂಕಿಗಳ ಈ ಫಲ ಮಹಾಕ್ಷೋಭವನ್ನೂ ಎರಡು ಸ್ಥಾನ ಮೀರಿದುದು. ಆ ವೇಗ ಅದ್ಭುತವೇ ಸರಿ. ಆದರೂ ಶಾಸ್ತ್ರವನ್ನು ಮುಂದಕ್ಕೊಯ್ಯುವುದು ಆಕಾರದ ಕಾರಣವನ್ನು ಅರಸುವ ದೃಷ್ಟಿಯೆಂದು ನನ್ನ ನಂಬಿಕೆ. ಒಂದುಗಳ ಸಾಲು ಯಾವಾಗ ಅವಿಭಾಜ್ಯವಾಗುವುದೆಂಬ ಪ್ರಶ್ನೆಯನ್ನೇ ನೋಡಿರಿ. 111111 ಎಂಬುದು 3, 7, 11, 13, 37ರ ಗುಣಲಬ್ಧ. ಆದರೆ 19 ಒಂದುಗಳ ಸಂಖ್ಯೆ ಅವಿಭಾಜ್ಯ. 1031 ಒಂದುಗಳ ಸಂಖ್ಯೆಯೂ ಅವಿಭಾಜ್ಯವೆಂದು 1986ರಲ್ಲಿ ವಿಲಿಯಮ್ಸ್ ಮತ್ತು ಡಬ್ನರ್ ಸಾಧಿಸಿದರು. ಇಂತಹವು ಅನಂತವೇ ಎಂಬುದು ಇನ್ನೂ ಬಗೆಹರಿದಿಲ್ಲ.

ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿಯ ಉಪಾಧ್ಯಾಯರಲ್ಲಿ ನನ್ನದೊಂದು ವಿಜ್ಞಾಪನೆ: ಗುಣಾಕಾರ ಕಲಿಸುವ ದಿನ ಮಕ್ಕಳಿಂದ 111111ನ್ನು ಅದರಿಂದಲೇ ಗುಣಿಸಿಸಿರಿ, ಉತ್ತರ ಬಂದ ಮೇಲೆ ಮಹಾವೀರಾಚಾರ್ಯನ ಹೆಸರನ್ನೂ ಹೇಳಿರಿ.