ಮೂಳೆ ಉಳಿಸದ ಮಣ್ಣು: ಮಲೆನಾಡಿನ ಆದಿಬೇಟೆಗಾರರ ಆಹಾರದ ಪ್ರಶ್ನೆ

ಬೇಟೆಯಾಡಿ, ಗೆಡ್ಡೆಗೆಣಸು ಆಯ್ದು ಬದುಕಿದವರ ಊಟವನ್ನು ಪುರಾತತ್ತ್ವಜ್ಞರು ಹೆಚ್ಚಾಗಿ ಮೂಳೆಗಳಿಂದ ಓದುತ್ತಾರೆ: ಯಾವ ಪ್ರಾಣಿ, ಎಷ್ಟು ಪ್ರಾಯ, ಕಲ್ಲಿನ ಅಲಗು ಕೊಯ್ದ ಗೀರು ಎಲ್ಲಿದೆ, ಮಜ್ಜೆಗಾಗಿ ಮನುಷ್ಯ ಒಡೆದದ್ದೋ ಕತ್ತೆಕಿರುಬ ಕಡಿದದ್ದೋ. ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಈ ಓದು ಶುರುವಾಗುವುದೇ ಕಷ್ಟ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಸುಣ್ಣದಂಶ ತೊಳೆದುಹೋಗಿ ಹುಳಿಗಟ್ಟಿದ ಜಂಬಿಟ್ಟಿಗೆ ಮಣ್ಣು ಮೂಳೆಯ ಕ್ಯಾಲ್ಸಿಯಂ ಫಾಸ್ಫೇಟನ್ನು ಕರಗಿಸಿಬಿಡುತ್ತದೆ. ಇದೇ ಸೀಮೆಯ ನಿಲಸ್ಕಲ್ಲು, ಬೈಸೆಗಳ ನಿಲುವುಗಲ್ಲುಗಳು ಇನ್ನೂ ನಿಂತಿವೆ, ನಿಜ. ಆದರೆ ಅವು ಬಹಳ ಈಚಿನ ಬೃಹತ್ ಶಿಲಾಸಂಸ್ಕೃತಿಯವು.

ಬಯಲುಸೀಮೆಯ ಕಥೆ ಬೇರೆ. ಹುಣಸಗಿ ಕಣಿವೆಯ ಇಸಾಂಪುರ ಸುಣ್ಣಕಲ್ಲಿನ ನೆಲ. ಅಲ್ಲಿ ಕೆ. ಪದ್ದಯ್ಯ ಅವರ ತಂಡಕ್ಕೆ ಕಲ್ಲಿನ ಆಯುಧಗಳ ಜೊತೆ ಸಿಕ್ಕ ಸಸ್ಯಾಹಾರಿ ಪ್ರಾಣಿಗಳ ಹಲ್ಲುಗಳಿಂದ ಸುಮಾರು 12 ಲಕ್ಷ ವರ್ಷಗಳ ಪ್ರಾಚೀನತೆ ಗೊತ್ತಾಯಿತು. ತುಂಗೆಯ ನೀರು ತುಂಗಭದ್ರೆಯಾಗಿ ಹಾದುಹೋಗುವ ಹಳ್ಳೂರಿನಲ್ಲೂ ಎಂ.ಎಸ್. ನಾಗರಾಜರಾವ್ ಅವರ 1965ರ ಉತ್ಖನನ ಸಾಕಷ್ಟು ಮೂಳೆ ಕೊಟ್ಟಿತು. ಆದರೆ ಅವು ಕೃಷಿ, ಪಶುಪಾಲನೆಯ ಕಾಲದವು.

ಬಯಲಿನ ಮೂಳೆಗಳ ಎದುರು ಮಲೆನಾಡಿನ ಬರಿಗೈ ಇಟ್ಟು ಕಾಡಿನಲ್ಲಿ ಜನ ವಿರಳವಾಗಿದ್ದರೆಂದರೆ ಮಣ್ಣಿನ ಗುಣವನ್ನು ಮನುಷ್ಯರ ಮೇಲೆ ಹೊರಿಸಿದಂತೆ. ನನ್ನ ಮಟ್ಟಿಗೆ ಸರಿಯಾದ ಜೋಡಿ ಶ್ರೀಲಂಕಾದ ಮಳೆಕಾಡು. ಅಲ್ಲಿಯ ಫಾ ಹಿಯೆನ್ ಲೆನ ಗುಹೆಯಲ್ಲಿ 45,000 ವರ್ಷಗಳಷ್ಟು ಹಿಂದೆಯೇ ಜನ ಮಂಗ, ಮುಸುವ, ಅಳಿಲುಗಳನ್ನು ಬೇಟೆಯಾಡಿ ತಿಂದಿದ್ದರು. ಮಳೆ ತಾಗದ ಬಂಡೆಯಡಿಯಾದ್ದರಿಂದ ಆ ಮೂಳೆಗಳು ಉಳಿದವು.

ಹಾಗಾದರೆ ಇಲ್ಲಿಯೂ ಹುಡುಕಬೇಕಾದದ್ದು ಬಂಡೆಯಡಿಯ ಒಣ ಜಾಗಗಳನ್ನು. ಹಲ್ಲಿನ ಹೊರಪದರದಲ್ಲಿ ಶೇ. 95ಕ್ಕೂ ಹೆಚ್ಚು ಖನಿಜವಿರುವುದರಿಂದ ಅದು ಮೂಳೆಗಿಂತ ಹೆಚ್ಚು ತಾಳುತ್ತದೆ. ಬೆಂಕಿಯಲ್ಲಿ ಸುಟ್ಟು ಬಿಳಿಚಿದ ಮೂಳೆಯೂ ಹುಳಿಮಣ್ಣಿಗೆ ಸುಲಭಕ್ಕೆ ಸೋಲುವುದಿಲ್ಲ. ಬೂದಿ ಕ್ಷಾರವಾದ್ದರಿಂದ ಒಲೆಯ ಗುಂಡಿಗಳೇ ಮೊದಲ ಆಸೆ.

ಆದರೂ ದೊಡ್ಡ ಮೂಳೆಗಳನ್ನೇ ನಂಬಿದರೆ ಮಲೆನಾಡಿನ ಊಟ ಅರ್ಧವೂ ದಕ್ಕದು. ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಏರುವ ಹತ್ತುಮೀನನ್ನು ರಾತ್ರಿ ಬೆಳಕು ಹಿಡಿದು ಕತ್ತಿಯಲ್ಲಿ ಕಡಿಯುವುದನ್ನು ಇಲ್ಲಿಯವರು ಬಲ್ಲರು. ಅದರ ಮುಳ್ಳು ಕೂದಲಿನಷ್ಟು ತೆಳು. ಚಿಪ್ಪು ಸಮೇತ ಜಜ್ಜಿ ಸಾರು ಮಾಡಿದ ಏಡಿಯಲ್ಲಿ ಮಿಗುವುದು ದೊಡ್ಡ ಕಾಲಿನ ಗಟ್ಟಿ ಮೊನೆ. ಅರೆದು ಚಟ್ನಿಯಾದ ಚಗಳಿ ಇರುವೆಯಲ್ಲಿ ಏನೂ ಮಿಗದು. ಒಲೆಯ ಬೂದಿಯನ್ನು ಎರಡು ಮಿ.ಮೀ. ಕಣ್ಣಿನ ಜರಡಿಯಲ್ಲಿ, ನೀರು ಹಾಯಿಸಿ ಸೋಸಿದರೆ ಆ ಏಡಿಯ ಮೊನೆಯಾದರೂ ಕೈಗೆ ಬಂದೀತು.