ಎಬಿಸಿಡಿ ಒಂದನೇ ಕ್ಲಾಸಿಗೋ, ಐದನೇ ಕ್ಲಾಸಿಗೋ?

ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ಹಾರನಹಳ್ಳಿ ಹೋಬಳಿಯಲ್ಲಿ ಮೇ ತಿಂಗಳು ಬಂತೆಂದರೆ ಎಲ್ಲರ ಮನೆಯಲ್ಲೂ ಒಂದೇ ಮಾತು. ಮಗುವನ್ನು ಊರಿನ ಸರ್ಕಾರಿ ಶಾಲೆಗೆ ಹಾಕೋದೋ, ವ್ಯಾನ್ ಹತ್ತಿಸಿ ಇಂಗ್ಲಿಷ್ ಮೀಡಿಯಂಗೆ ಕಳಿಸೋದೋ? ಹೊಗೆಸೊಪ್ಪು ಮಾರಿದ ದುಡ್ಡಿನಲ್ಲಿ ಸಾಲ ತೀರಿ ಉಳಿದದ್ದು ಫೀಸಿಗೆ ಹೋಗುತ್ತದೆ. ನಾನು ಎಬಿಸಿಡಿ ಕಲಿತದ್ದು ಐದನೇ ಕ್ಲಾಸಿನಲ್ಲಿ. ಅದಕ್ಕೇ ಇರಬೇಕು, "ಎಷ್ಟನೇ ವಯಸ್ಸಿಗೆ ಶುರು ಮಾಡಿಸಬೇಕು?" ಅಂತ ನನ್ನನ್ನು ತುಂಬಾ ಜನ ಕೇಳುತ್ತಾರೆ. ಈ ಪ್ರಶ್ನೆಗೆ ದೊಡ್ಡ ಇತಿಹಾಸವೇ ಇದೆ. ಒಂದಿಷ್ಟು ನೋಡೋಣ ಬನ್ನಿ.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಗ್ಲಿಷ್ ಕಲಿಸುವ ಉಚಿತ ಶಾಲೆಯನ್ನು ತೆರೆದದ್ದು 1833ರಲ್ಲಿ. ಮೆಕಾಲೆಯ ಪ್ರಸಿದ್ಧ ಟಿಪ್ಪಣಿ ಬಂದದ್ದು 1835ರಲ್ಲಿ, ಅಂದರೆ ಅದಕ್ಕಿಂತ ಎರಡು ವರ್ಷ ತಡವಾಗಿ! ಆದರೆ ಆ ಶಾಲೆ ಪಟ್ಟಣದ ಕೆಲವರಿಗೆ ಮಾತ್ರ. ಹಳ್ಳಿಗಳ ಕಡೆ ಕಣ್ಣು ಹಾಯಿಸಿದ್ದು 1868ರಲ್ಲಿ. ಆಗ ಬಿ.ಎಲ್. ರೈಸ್ ಹೋಬಳಿಗೊಂದು ಶಾಲೆ ಎಂಬ ಯೋಜನೆ ಹಾಕಿದರು. ಅಲ್ಲಿನ ಕಲಿಕೆ ದೇಶಭಾಷೆಯಲ್ಲಿ, ಅಂದರೆ ಕನ್ನಡದಲ್ಲಿ. ಹೀಗೆ ಶುರುವಿನಿಂದಲೂ ಇಂಗ್ಲಿಷ್ ಪೇಟೆಗೆ, ಕನ್ನಡ ಹೋಬಳಿಗೆ ಅಂತಾಯಿತು. ಇವತ್ತಿನ ಅಪ್ಪ ಅಮ್ಮಂದಿರ ಹೊಟ್ಟೆಯಲ್ಲಿರುವ ಸಂಕಟಕ್ಕೆ ಬೇರು ಅಲ್ಲಿಯೇ ಇದೆ ಅಂತ ನನಗನ್ನಿಸುತ್ತದೆ. ಅವರಿಗೆ ಬೇಕಾಗಿರುವುದು ಇಂಗ್ಲಿಷ್ ವ್ಯಾಕರಣವಲ್ಲ, ಪೇಟೆಯವರ ಸಮ ನಿಲ್ಲುವ ದಾರಿ.

ಈ ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಕನ್ನಡ ಎಳವೆಯಿಂದಲೇ ಕಿವಿಗೆ ಬಿದ್ದಿತ್ತು. ಇನ್ನೊಬ್ಬರು ಫರ್ಡಿನಾಂಡ್ ಕಿಟ್ಟೆಲ್. ಅವರು ಜರ್ಮನಿಯಿಂದ ಇಲ್ಲಿಗೆ ಬಂದದ್ದು 1853ರಲ್ಲಿ, 21ನೇ ವಯಸ್ಸಿನಲ್ಲಿ. ಆ ವಯಸ್ಸಿಗೆ ಕನ್ನಡದ ಒಳಗಿಳಿದು 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೇ ಕೊಟ್ಟರು. ಹಾಗಾದರೆ ಚಿಕ್ಕಂದಿನಲ್ಲೇ ಶುರು ಮಾಡದಿದ್ದರೆ ಭಾಷೆ ಬರುವುದೇ ಇಲ್ಲ ಅನ್ನುವುದು ಎಲ್ಲಿ ನಿಂತಿತು?

ಆ ಮಾತಿಗೆ ಬಲ ಬಂದದ್ದು 1959ರಲ್ಲಿ. ಕೆನಡಾದ ಮಿದುಳು ವೈದ್ಯ ವೈಲ್ಡರ್ ಪೆನ್‌ಫೀಲ್ಡ್, ಎಳೆಯ ಮಿದುಳಿಗೆ ಭಾಷೆ ಸುಲಭವಾಗಿ ಹತ್ತುತ್ತದೆ, ಹತ್ತು ವರ್ಷದೊಳಗೆ ಶುರು ಮಾಡಿ ಎಂದರು. 1967ರಲ್ಲಿ ಎರಿಕ್ ಲೆನ್ನೆಬರ್ಗ್ ಇದಕ್ಕೆ ಒಂದು ಗಡುವೇ ಇದೆ ಎಂದರು. 1989ರಲ್ಲಿ ಜಾನ್ಸನ್ ಮತ್ತು ನ್ಯೂಪೋರ್ಟ್ ಅಮೆರಿಕಕ್ಕೆ ಹೋಗಿ ನೆಲೆಸಿದ 46 ಚೀನೀ, ಕೊರಿಯನ್ ಜನರನ್ನು ಪರೀಕ್ಷಿಸಿದಾಗ, ಏಳು ವರ್ಷದೊಳಗೆ ಅಲ್ಲಿಗೆ ಬಂದವರ ಇಂಗ್ಲಿಷ್ ಅಲ್ಲೇ ಹುಟ್ಟಿದವರ ಹಾಗೇ ಇತ್ತು. 2018ರಲ್ಲಿ ಸುಮಾರು 6,70,000 ಜನರ ಉತ್ತರಗಳನ್ನು ನೋಡಿದ ಹಾರ್ಟ್‌ಶಾರ್ನ್ ತಂಡ, ವ್ಯಾಕರಣ ಹಿಡಿಯುವ ಶಕ್ತಿ 17-18ರ ತನಕ ಕುಂದುವುದಿಲ್ಲ, ಆದರೆ ಹುಟ್ಟುಭಾಷಿಕರ ಮಟ್ಟ ಮುಟ್ಟಲು ಹತ್ತರ ಸುಮಾರಿಗಾದರೂ ಶುರು ಮಾಡಬೇಕು ಎಂದಿತು.

ಇಲ್ಲಿ ಒಂದು ವಿಷಯ ಗಮನಿಸಿ. ಅಮೆರಿಕಕ್ಕೆ ಹೋದ ಮಗುವಿಗೆ ಅಂಗಡಿ, ಬೀದಿ, ಆಟ, ಟೀವಿ ಎಲ್ಲವೂ ಇಂಗ್ಲಿಷ್. ನಮ್ಮ ಮಗುವಿಗೆ? ದಿನಕ್ಕೆ 40 ನಿಮಿಷದ ಒಂದು ಪೀರಿಯಡ್, ವರ್ಷಕ್ಕೆ 220 ದಿನ ಅಂತಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಸುಮಾರು 147 ಗಂಟೆ. ದಿನಕ್ಕೆ ಹತ್ತು ಗಂಟೆ ಆ ಭಾಷೆಯಲ್ಲೇ ಮುಳುಗಿರುವ ಮಗುವಿಗೆ ಇದು ಹದಿನೈದು ದಿನದ ಬಾಬತ್ತು! ನಮ್ಮ ಒಂದು ವರ್ಷ ಅಂದರೆ ಅವರ ಎರಡು ವಾರ. ಅಲ್ಲಿನ ಫಲಿತಾಂಶವನ್ನು ಇಲ್ಲಿಗೆ ತಂದು ಅಂಟಿಸಿದರೆ ಹೇಗೆ?

ಶಾಲೆಯ ಪೀರಿಯಡ್‌ಗಳಲ್ಲೇ ನಡೆದ ಪ್ರಯೋಗಗಳೂ ಇವೆ. ಇಂಗ್ಲೆಂಡಿನಲ್ಲಿ 1964ರಿಂದ ಹತ್ತು ವರ್ಷ, ಎಂಟನೇ ವಯಸ್ಸಿಗೆ ಫ್ರೆಂಚ್ ಶುರು ಮಾಡಿದವರನ್ನು ಹನ್ನೊಂದಕ್ಕೆ ಶುರು ಮಾಡಿದವರ ಜೊತೆ ಹೋಲಿಸಿದರು. ಹದಿನಾರರ ಹೊತ್ತಿಗೆ ಮೊದಲಿನವರು ಮುಂದಿದ್ದದ್ದು ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿ ಮಾತ್ರ. ಸ್ಪೇನಿನ ಬಾರ್ಸಿಲೋನಾದಲ್ಲಿ ಕಾರ್ಮೆನ್ ಮುನ್ಯೋಸ್ ತಂಡ ಇಂಗ್ಲಿಷಿನ ಬಗ್ಗೆ ಇದನ್ನೇ ನೋಡಿತು, 2006ರಲ್ಲಿ ಪ್ರಕಟಿಸಿತು. ಒಟ್ಟು ಗಂಟೆ ಸಮವಾಗಿದ್ದಾಗ ತಡವಾಗಿ ಶುರು ಮಾಡಿದ ಮಕ್ಕಳೇ ಮುಂದಿದ್ದರು. ದೊಡ್ಡ ಮಗುವಿಗೆ ಓದು ಬರಹ ಗೊತ್ತಿರುತ್ತದೆ, ನಿಯಮ ಹಿಡಿಯುವುದು ಗೊತ್ತಿರುತ್ತದೆ. ಅದೇ ಕಾರಣ.

ನಮ್ಮಲ್ಲಿ ಏನಾಯಿತು? 1982ರ ಗೋಕಾಕ್ ಚಳವಳಿ ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಸ್ಥಾನ ಕೇಳಿತು. 1994ರ ಸರ್ಕಾರಿ ಆದೇಶ, ಒಂದರಿಂದ ನಾಲ್ಕರವರೆಗೆ ಕಲಿಕೆ ತಾಯ್ನುಡಿಯಲ್ಲಿ ಅಥವಾ ಕನ್ನಡದಲ್ಲೇ ಎಂದಿತು. 2007ರಿಂದ ಸರ್ಕಾರಿ ಶಾಲೆಗಳಲ್ಲೂ ಒಂದನೇ ತರಗತಿಗೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2014ರ ಮೇ 6ರಂದು ಸುಪ್ರೀಂ ಕೋರ್ಟು ತಾಯ್ನುಡಿ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಶುರುವಾದವು. ಈ ಗಲಾಟೆಯಲ್ಲೆಲ್ಲ ಎರಡು ಬೇರೆ ಪ್ರಶ್ನೆಗಳು ಕಲಸಿಹೋದವು. ಇಂಗ್ಲಿಷನ್ನು ಯಾವಾಗ ಕಲಿಸಬೇಕು ಅನ್ನುವುದು ಒಂದು. ಗಣಿತ, ಪರಿಸರ ಪಾಠವನ್ನೂ ಇಂಗ್ಲಿಷಿನಲ್ಲೇ ಹೇಳಬೇಕೇ ಅನ್ನುವುದು ಇನ್ನೊಂದು.

ಇವೆರಡನ್ನೂ ಬೇರೆ ಮಾಡಿ ನೋಡಿದವರು ನಮ್ಮ ತಾಲ್ಲೂಕಿನಲ್ಲೇ ಇದ್ದಾರೆ. ಬೈಲಕುಪ್ಪೆಯ ಟಿಬೆಟನ್ನರು! 1960ರ ಸುಮಾರಿಗೆ ಇಲ್ಲಿ ಬಂದು ನೆಲೆಸಿದ ನಿರಾಶ್ರಿತರು. ಪರದೇಶದಲ್ಲಿ ಬದುಕಬೇಕಾದ ಅವರಿಗೆ ಇಂಗ್ಲಿಷ್ ನಮಗಿಂತ ಹೆಚ್ಚು ಬೇಕಿತ್ತು. ಆದರೂ ದೇಶಭ್ರಷ್ಟ ಟಿಬೆಟನ್ನರ ಹಲವು ಶಾಲೆಗಳು 1990ರ ದಶಕದಲ್ಲಿ ಪ್ರಾಥಮಿಕ ತರಗತಿಗಳ ಪಾಠವನ್ನು ಇಂಗ್ಲಿಷಿನಿಂದ ಟಿಬೆಟನ್ ಭಾಷೆಗೆ ತಂದವು. ಮೊದಲು ತಮ್ಮ ಭಾಷೆಯಲ್ಲಿ ಗಟ್ಟಿಯಾದ ಓದು, ಮುಂದೆ ಇಂಗ್ಲಿಷ್ ಮಾಧ್ಯಮ. ಭಾಷೆ ಕಳೆದುಕೊಳ್ಳುವ ಭಯ ಅವರಿಗೆ ದಿನವೂ ಕಣ್ಣೆದುರು ಇತ್ತು, ಅದಕ್ಕೇ ಆ ತೀರ್ಮಾನ.

ಹುಣಸೂರು, ಹೆಗ್ಗಡದೇವನಕೋಟೆ ಕಾಡಂಚಿನ ಜೇನುಕುರುಬರ ಮಕ್ಕಳನ್ನೂ ಇಲ್ಲಿ ನೆನೆಯಬೇಕು. ಅವರ ಮನೆಮಾತು ಬೇರೆ. ಶಾಲೆಯ ಪುಸ್ತಕದ ಕನ್ನಡವೇ ಅವರಿಗೆ ಎರಡನೇ ಭಾಷೆ, ಇಂಗ್ಲಿಷ್ ಮೂರನೆಯದು. "ಎಳೆ ಮಕ್ಕಳು ಹೇಗೋ ಕಲಿತುಬಿಡುತ್ತವೆ" ಅಂತ ನಾವು ಹೇಳುವಾಗ ಆ ಮಗು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿರುತ್ತದೆ.

ಹಾಗಾದರೆ ನನ್ನ ಉತ್ತರ? ಕಿವಿಗೆ, ನಾಲಿಗೆಗೆ ಇಂಗ್ಲಿಷ್ ಬೇಗ ಬೀಳಲಿ, ಹಾಡು, ಕಥೆ, ಮಾತಿನ ಆಟದ ಹಾಗೆ. ಅದಕ್ಕೆ ಚೆನ್ನಾಗಿ ಇಂಗ್ಲಿಷ್ ಮಾತಾಡಬಲ್ಲ ಮೇಷ್ಟ್ರು ಬೇಕು. ಓದು ಬರಹ ಮಾತ್ರ ಮೊದಲು ಮನೆಮಾತಿನಲ್ಲಿ ಗಟ್ಟಿಯಾಗಲಿ, ಆಮೇಲೆ ಇಂಗ್ಲಿಷಿನ ಬರಹ. ಮೇಷ್ಟ್ರಿಗೇ ಮಾತಾಡಲು ಬಾರದಿದ್ದರೆ ಮೂರು ವರ್ಷಕ್ಕೆ ಶುರು ಮಾಡಿದರೂ ಅಷ್ಟೇ, ಹತ್ತಕ್ಕೆ ಶುರು ಮಾಡಿದರೂ ಅಷ್ಟೇ. ಆದ್ದರಿಂದ ಶಾಲೆ ಆರಿಸುವಾಗ "ಯಾವ ಮೀಡಿಯಂ?" ಅಂತ ಕೇಳುವ ಮೊದಲು "ಯಾರು ಕಲಿಸುತ್ತಾರೆ, ಎಷ್ಟು ಹೊತ್ತು ಕಲಿಸುತ್ತಾರೆ?" ಅಂತ ಕೇಳಿ. ಹತ್ತು ದಾಟಿದ ಮಗುವಿಗೆ "ಇನ್ನು ನಿನಗೆ ಬರಲ್ಲ ಬಿಡು" ಅಂತ ಮಾತ್ರ ದಯವಿಟ್ಟು ಹೇಳಬೇಡಿ.