ಜಾಗ ತೋರಿಸದೆ ಅರ್ಹತೆ ತೋರಿಸುವುದು: ಕಾರವಾರ–ಅಂಕೋಲಾ ಸೀಮೆಯ ಖಾಸಗಿ ಭದ್ರತಾ ಏಜೆನ್ಸಿಗಳ ಜಾಲತಾಣ ಪ್ರಚಾರ

2025ರ ಫೆಬ್ರವರಿಯಲ್ಲಿ ರಾಷ್ಟ್ರೀಯ ತನಿಖಾ ದಳ ಉತ್ತರ ಕನ್ನಡದ ಇಬ್ಬರನ್ನು ಬಂಧಿಸಿತು. ಕಾರವಾರ ನೌಕಾನೆಲೆಯ ಮಾಹಿತಿಯನ್ನು ಪಾಕಿಸ್ತಾನದ ಗೂಢಚಾರರಿಗೆ ದಾಟಿಸಿದರು, ಪರಿಚಯ ಬೆಳೆದದ್ದು ಸಾಮಾಜಿಕ ಜಾಲತಾಣದಲ್ಲಿ ಎಂಬುದು ದಳದ ಆರೋಪ. ಈ ಜಿಲ್ಲೆಯಲ್ಲಿ ಫೇಸ್‌ಬುಕ್ ಪುಟ ತೆರೆಯುವ ಭದ್ರತಾ ಏಜೆನ್ಸಿ ಮರೆಯಬಾರದ ಸಂಗತಿ ಇದು. ಬೇರೆ ವ್ಯಾಪಾರಗಳಲ್ಲಿ ಗಿರಾಕಿಯ ಹೆಸರು, ಕೆಲಸದ ಜಾಗದ ಫೋಟೊಗಳೇ ಒಳ್ಳೆಯ ಜಾಹೀರಾತು. ಕಾವಲಿನ ವ್ಯಾಪಾರದಲ್ಲಿ ಅವನ್ನು ಹಾಕಿದವರು ತಾವು ಮಾರುವ ಸರಕನ್ನೇ ಕೆಡಿಸಿಕೊಳ್ಳುತ್ತಾರೆ. ಕಾವಲಿನ ಜಾಗವನ್ನು ಮರೆಯಲ್ಲಿಟ್ಟು ಕಾವಲುಗಾರರ ಅರ್ಹತೆಯನ್ನು ಮುಂದಿಡುವ ಪ್ರಚಾರವೇ ಇಲ್ಲಿ ಫಲ ಕೊಡುವಂಥದ್ದು ಎಂಬುದು ಈ ಲೇಖನದ ವಾದ.

ಕಾಳಿ ನದಿಯ ದಂಡೆಯ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ತಲಾ 220 ಮೆಗಾವಾಟ್‌ನ 4 ಘಟಕಗಳಿವೆ. 2017ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟ 10 ಹೊಸ ಘಟಕಗಳಲ್ಲಿ, ತಲಾ 700 ಮೆಗಾವಾಟ್‌ನ ಕೈಗಾ 5 ಮತ್ತು 6 ಸೇರಿವೆ. ಸ್ಥಾವರದ ಕಾವಲು ಕೇಂದ್ರ ಕೈಗಾರಿಕಾ ಭದ್ರತಾ ಪಡೆಯದು. 2005ರಲ್ಲಿ ಕಾರ್ಯಾರಂಭ ಮಾಡಿದ ಅರಗಾದ ನೌಕಾನೆಲೆ ಐಎನ್‌ಎಸ್ ಕದಂಬ ನೌಕಾಪಡೆಯದು. ಖಾಸಗಿಯವರಿಗೆ ಉಳಿಯುವುದು ಸುತ್ತಲಿನ ವ್ಯವಹಾರ: ಗುತ್ತಿಗೆದಾರರ ಗೋದಾಮು, ಲಾಡ್ಜು, ಆಸ್ಪತ್ರೆ, ಅಪಾರ್ಟ್‌ಮೆಂಟು, ಅಪರೂಪಕ್ಕೆ ಯಾರದೋ ಅಂಗರಕ್ಷಣೆ. ಇಷ್ಟು ಚಿಕ್ಕ ಊರುಗಳಲ್ಲಿ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತಿಗಿಂತ ಪರಿಚಯದವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಒಂದು ಸಂದೇಶಕ್ಕೆ ತೂಕ ಹೆಚ್ಚು.

ತೋರಿಸಲು ಏನಿದೆ ಎಂದರೆ, ಕಾನೂನೇ ಅದನ್ನು ಒದಗಿಸಿದೆ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಕಾಯ್ದೆಯಂತೆ ಪರವಾನಗಿಯಿಲ್ಲದೆ ಏಜೆನ್ಸಿ ನಡೆಸಿದರೆ 1 ವರ್ಷದವರೆಗೆ ಜೈಲು, 25,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪರವಾನಗಿಯನ್ನು ಕಚೇರಿಯಲ್ಲಿ ಎದ್ದುಕಾಣುವಂತೆ ಹಾಕಬೇಕೆಂದು ಕಾಯ್ದೆ ಹೇಳುತ್ತದೆ. ಅದರ ಸಂಖ್ಯೆಯನ್ನೂ ಅವಧಿಯನ್ನೂ ಫೇಸ್‌ಬುಕ್ ಪುಟದ ನೆತ್ತಿಯ ಮೇಲೆ ಬರೆಯಲು ಕಾಸಿನ ಖರ್ಚಿಲ್ಲ. ಕೇಂದ್ರದ 2006ರ ಮಾದರಿ ನಿಯಮಗಳು ಹೊಸಬರಿಗೆ 100 ಗಂಟೆ ಪಾಠ, 60 ಗಂಟೆ ಕ್ಷೇತ್ರ ತರಬೇತಿ ವಿಧಿಸಿದವು. ಮಾಜಿ ಸೈನಿಕರಿಗೂ ಮಾಜಿ ಪೊಲೀಸರಿಗೂ 40 ಮತ್ತು 16 ಗಂಟೆ. ಅಗ್ನಿಶಮನ, ಪ್ರಥಮ ಚಿಕಿತ್ಸೆ, ಗುರುತಿನ ಚೀಟಿ ತಪಾಸಣೆ ಎಲ್ಲವೂ ಆ ತರಬೇತಿಯಲ್ಲಿದ್ದವು. ಕಾವಲುಗಾರನೊಬ್ಬ ಬೆಂಕಿ ನಂದಿಸುವ ಸಿಲಿಂಡರಿನ ಪಿನ್ ಕಿತ್ತು, ಕೊಳವೆಯನ್ನು ಜ್ವಾಲೆಯ ತುದಿಗಲ್ಲ, ಬುಡಕ್ಕೆ ಹಿಡಿದು ಅತ್ತಿತ್ತ ಆಡಿಸುವ ಅರ್ಧ ನಿಮಿಷದ ವಿಡಿಯೊ ಲಾಡ್ಜಿನ ಮಾಲೀಕರಿಗೆ ಹತ್ತು ಘೋಷಣೆಗಳಿಗಿಂತ ಹೆಚ್ಚು ಹೇಳುತ್ತದೆ. ಆ ವಿಡಿಯೊವನ್ನು ತರಬೇತಿ ಮೈದಾನದಲ್ಲೇ ತೆಗೆಯಬಹುದು. ಸೇನೆಯ ಚುಕ್ಕೆಬಣ್ಣದ ಉಡುಪು ತೊಟ್ಟು ರೀಲ್ಸ್ ಮಾಡುವ ಆಸೆಯನ್ನು ಮಾತ್ರ ಬಿಡಲೇಬೇಕು: ಸೇನೆ ಅಥವಾ ಪೊಲೀಸರದನ್ನು ಹೋಲುವ ಸಮವಸ್ತ್ರ ಧರಿಸುವುದು ಇದೇ ಕಾಯ್ದೆಯಡಿ ಅಪರಾಧ.

ಅಪಾಯ ಎಲ್ಲಿ ಅಡಗಿರುತ್ತದೆಂದು ಒಂದು ಸಾಧಾರಣ ಫೋಟೊದಲ್ಲೇ ಕಾಣಬಹುದು. ಗೇಟಿನ ಮುಂದೆ ನಗುತ್ತ ನಿಂತ ಗಾರ್ಡ್. ಬೆನ್ನ ಹಿಂದೆ ಪಾಳಿಯ ಪಟ್ಟಿ, ಕ್ಯಾಮೆರಾ ಯಾವ ಕಡೆ ತಿರುಗಿದೆ ಎಂಬುದು, ಒಳಗೆ ಹೋಗುತ್ತಿರುವ ಲಾರಿಯ ನಂಬರು, ಕೊರಳಲ್ಲಿ ಪಾಸಿನ ವಿನ್ಯಾಸ. ಎಷ್ಟು ಹೊತ್ತಿಗೆ ಎಷ್ಟು ಮಂದಿ ಇರುತ್ತಾರೆಂದು ಪಟ್ಟಿಯೇ ಹೇಳಿಬಿಡುತ್ತದೆ. ಕೆಲಸದಲ್ಲಿ ತಿಳಿದ ಮಾಹಿತಿಯನ್ನು ಹೊರಗಿನವರಿಗೆ ಬಿಟ್ಟುಕೊಡಬಾರದೆಂದು ಕಾಯ್ದೆಯ 18ನೇ ಕಲಂ ಸಿಬ್ಬಂದಿಯನ್ನು ಕಟ್ಟಿಹಾಕುತ್ತದೆ. ಸಿಬ್ಬಂದಿಗೆ ನಿಷೇಧವಾದುದನ್ನು ಏಜೆನ್ಸಿಯ ಪುಟವೇ ಬಯಲು ಮಾಡಿದರೆ ನಿಯಮಕ್ಕೆ ಅರ್ಥವೇ ಉಳಿಯದು. ಆದ್ದರಿಂದ ಪುಟ ನೋಡಿಕೊಳ್ಳುವ ಹುಡುಗನ ಕೈಯಲ್ಲಿ ಎಲ್ಲವನ್ನೂ ಬಿಡದೆ, ಪ್ರತಿ ಫೋಟೊವನ್ನೂ ಮೇಲ್ವಿಚಾರಕರೊಬ್ಬರು ಮೊದಲು ನೋಡಬೇಕು. ಗಾರ್ಡುಗಳ ಸ್ವಂತ ವಾಟ್ಸ್‌ಆ್ಯಪ್ ಸ್ಟೇಟಸ್‌ಗೂ ಅದೇ ಶಿಸ್ತು ಬೇಕು.

ಪುಟವನ್ನು ನೋಡುವವರಲ್ಲಿ ಕೆಲಸ ಹುಡುಕುವ ಯುವಕರೂ ಇರುತ್ತಾರೆಂಬುದನ್ನು ಪ್ರಚಾರದ ಪಾಠಗಳು ಮರೆಯುತ್ತವೆ. ಕಾರವಾರದ ಮನೆಮಾತು ಬಹುತೇಕ ಕೊಂಕಣಿ, ಅಂಕೋಲಾದ್ದು ಹೆಚ್ಚಾಗಿ ಕನ್ನಡ, ಕೈಗಾ ವಸತಿನಗರಕ್ಕೆ ಹಿಂದಿಯೂ ಬೇಕು. ಒಂದೇ ಇಂಗ್ಲಿಷ್ ಪೋಸ್ಟರ್ ಮೂವರನ್ನೂ ಮುಟ್ಟದು. ಸಂಬಳ ಎಷ್ಟು, ಪಾಳಿ 8 ಗಂಟೆಯೋ 12 ಗಂಟೆಯೋ, ಪಿಎಫ್ ಮತ್ತು ಇಎಸ್‌ಐ ಕಟ್ಟುತ್ತಾರೋ ಇಲ್ಲವೋ ಎಂಬುದನ್ನು ಅವರ ಮಾತಿನಲ್ಲೇ ಬಿಡಿಸಿ ಹೇಳಬೇಕು. ಗಿರಾಕಿಯೂ ಇದನ್ನು ಓದುತ್ತಾನೆ: ಸರಿಯಾಗಿ ಸಂಬಳ ಸಿಗದ ಗಾರ್ಡ್ ತಿಂಗಳೊಳಗೆ ಕೆಲಸ ಬಿಡುತ್ತಾನೆಂದು ಅವನಿಗೆ ಗೊತ್ತು. ಕೈಗಾದ ಹೆಸರಿನಲ್ಲಿ ಕೆಲಸ ಕೊಡಿಸುತ್ತೇವೆಂದು ಹಣ ಕೇಳುವವರಿಗೆ ಇಲ್ಲಿನ ಮನೆಗಳು ಸುಲಭವಾಗಿ ಮರುಳಾಗುವ ಸಾಧ್ಯತೆ ಇರುವುದರಿಂದ, ನೇಮಕಾತಿಗೆ ಯಾರಿಂದಲೂ ಬಿಡಿಗಾಸು ಪಡೆಯುವುದಿಲ್ಲ ಎಂಬ ಸಾಲು ಪ್ರತಿ ಪೋಸ್ಟಿನಲ್ಲೂ ಪರವಾನಗಿ ಸಂಖ್ಯೆಯ ಪಕ್ಕದಲ್ಲೇ ಇರಬೇಕು.